ಸುಣ್ಣ ಅರಳಿಸಿದಾಗ ಬಂದ ಬಿಸಿ: ಪುಸ್ತಕದಲ್ಲಿ 65, ನನಗೆ 41, ಉಳಿದದ್ದು ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟದ ಮನೆ. ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಅಡಿಕೆಯ ಕೊಳೆರೋಗದ ಔಷಧಿಗೆ ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ಅರಳಿಸುವಾಗ ಡ್ರಮ್ಮು ಕೈ ಇಡಲಾಗದಷ್ಟು ಕಾಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಈ ಸಲ ಅದನ್ನು ಅಳೆಯೋಣ ಅನ್ನಿಸಿತು. ಸ್ಟೀಲ್ ಥರ್ಮಾಸ್‌ಗೆ 500 ಗ್ರಾಂ ನೀರು ಹಾಕಿದೆ. ಅದರ ತಾಪಮಾನ 24.0 ಡಿಗ್ರಿ ಇತ್ತು. ಹೋದ ವರ್ಷ ತಂದು ಉಳಿದಿದ್ದ ಸುಟ್ಟ ಸುಣ್ಣ ಅಟ್ಟದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ಅದರಲ್ಲಿ 50 ಗ್ರಾಂ ಪುಡಿ ಮಾಡಿ ಹಾಕಿ ಕಲಕಿದೆ. 5ನೇ ನಿಮಿಷಕ್ಕೆ 35.0 ಆಯಿತು. 15ನೇ ನಿಮಿಷಕ್ಕೆ 41.5, ಅದೇ ಗರಿಷ್ಠ. 30ನೇ ನಿಮಿಷಕ್ಕೆ 40.0ಕ್ಕೆ ಇಳಿಯಿತು. ಲೆಕ್ಕ ಹಾಕಿದರೆ ಮೋಲ್‌ಗೆ 41 ಕಿಲೋಜೂಲ್ ಬಂತು. ಪುಸ್ತಕದಲ್ಲಿ ಮೈನಸ್ 65 ಅಂತ ಇದೆ. ಉಳಿದ ಶಾಖ ಎಲ್ಲಿ ಹೋಯಿತು? ಬಿಸಿ ಏರಿದ್ದಕ್ಕೆ ಮೈನಸ್ ಯಾಕೆ? ತಮ್ಮ ಅರ್ಧ ಸುಣ್ಣ, ಅರ್ಧ ನೀರು ಹಾಕಿ ನೋಡಿದ, ಅವನಿಗೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಏರಿತು. ಹಾಗಾದರೆ ಅರ್ಧ ಸುಣ್ಣದಲ್ಲೂ ಅಷ್ಟೇ ಶಾಖ ಇದೆಯಾ? ಇದೆಲ್ಲ ನೋಡಿ ಅಪ್ಪ, "ಈ ಸುಣ್ಣ ಔಷಧಿಗೆ ಆಗುತ್ತೋ ಇಲ್ವೋ ಅದನ್ನ ಮೊದಲು ಕೇಳು" ಅಂದರು.

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ನೀವು ಬರೀ ಗರಿಷ್ಠ ತಾಪಮಾನ ಬರೆದು ಕಳಿಸಿಲ್ಲ, ಐದನೇ ನಿಮಿಷದ್ದು, ಮೂವತ್ತನೇ ನಿಮಿಷದ್ದು ಎರಡೂ ಬರೆದಿದ್ದೀರಿ. ಆ ಎರಡು ಅಂಕಿ ಇಲ್ಲದಿದ್ದರೆ "ಶಾಖ ಗಾಳಿಗೆ ಸೋರಿಹೋಗಿದೆ" ಎಂದು ಒಂದು ಸಾಲು ಬರೆದು ನಾನು ಕೈ ತೊಳೆದುಕೊಳ್ಳಬೇಕಿತ್ತು. ರಸಾಯನಶಾಸ್ತ್ರದ ಮೇಷ್ಟ್ರುಗಳು ಸಾಮಾನ್ಯವಾಗಿ ಮಾಡುವುದೇ ಅದು. ನಾನೂ ಶಿವಮೊಗ್ಗದಲ್ಲಿ ಪಾಠ ಮಾಡುವಾಗ ಎಷ್ಟೋ ರೆಕಾರ್ಡ್ ಪುಸ್ತಕಗಳಲ್ಲಿ ಆ ಸಾಲು ನೋಡಿ ಸುಮ್ನೆ ಸಹಿ ಹಾಕಿದ್ದೇನೆ. ಎಷ್ಟು ಸೋರಿತು ಎಂದು ಒಬ್ಬರನ್ನೂ ಕೇಳಲಿಲ್ಲ. ಇವತ್ತು ನಿಮ್ಮ ಜೊತೆ ಕೂತು ಅದನ್ನು ಕೇಳೋಣ.

ಮೊದಲು ನಿಮ್ಮ ಲೆಕ್ಕವನ್ನೇ ಇನ್ನೊಮ್ಮೆ ಹಾಕುತ್ತೇನೆ. ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು 4.18 ಜೂಲ್ ಬೇಕು. ನಿಮ್ಮಲ್ಲಿದ್ದದ್ದು 500 ಗ್ರಾಂ ನೀರು, ಏರಿದ್ದು 17.5 ಡಿಗ್ರಿ. ಮೂರನ್ನೂ ಗುಣಿಸಿದರೆ 36,575 ಜೂಲ್, ಅಂದರೆ 36.6 ಕಿಲೋಜೂಲ್. ಸುಟ್ಟ ಸುಣ್ಣ ಅಂದರೆ ಕ್ಯಾಲ್ಸಿಯಂ ಆಕ್ಸೈಡ್. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಕಣಗಳನ್ನು ಎಣಿಸುವ ಒಂದು ನಿಗದಿತ ಲೆಕ್ಕ. ಸುಟ್ಟ ಸುಣ್ಣದ ಒಂದು ಮೋಲ್ 56.1 ಗ್ರಾಂ ತೂಗುತ್ತದೆ. ಹಾಗಾಗಿ 50 ಗ್ರಾಂ ಅಂದರೆ 0.89 ಮೋಲ್. ಭಾಗಿಸಿದರೆ 41. ಗಣಿತ ಸರಿಯಾಗಿಯೇ ಇದೆ.

ಪುಸ್ತಕದ ಅಂಕಿಯೂ ಸರಿಯೇ. ಮೋಲ್‌ಗೆ 65.2 ಎಂದು ಹಿಡಿದರೆ 0.89 ಮೋಲ್‌ನಿಂದ 58.1 ಕಿಲೋಜೂಲ್ ಬರಬೇಕಿತ್ತು. ನೀರಿನಲ್ಲಿ ಸಿಕ್ಕಿದ್ದು 36.6. ಕೊರತೆ 21.5 ಕಿಲೋಜೂಲ್. ಅಡಿಕೆ ಮಂಡಿಯ ಗುಮಾಸ್ತರು ಸಂಜೆ ಕೂತು ಲೆಕ್ಕ ತಾಳೆ ನೋಡುತ್ತಾರಲ್ಲ, ಹಾಗೆ ಈ 21.5 ಯಾವ ಯಾವ ಖಾತೆಗೆ ಹೋಯಿತು ಎಂದು ಹುಡುಕಬೇಕು.

ಮೊದಲ ಖಾತೆ ಥರ್ಮಾಸ್‌ನದು. ನೀರು ಬಿಸಿಯಾಗುವಾಗ ಒಳಗಿನ ಸ್ಟೀಲ್ ಗೋಡೆಯೂ ಬಿಸಿಯಾಗುತ್ತದೆ, ಥರ್ಮಾಮೀಟರೂ, ಕಲಕಿದ ಚಮಚವೂ ಬಿಸಿಯಾಗುತ್ತವೆ. ಅವಕ್ಕೆ ಎಷ್ಟು ಹೋಯಿತು ಎಂದು ತಿಳಿಯಲು ಸುಣ್ಣವೇ ಬೇಡ, ಬರೀ ನೀರು ಸಾಕು. ನಾನು ನನ್ನ ಮನೆಯ ಒಂದು ಲೀಟರ್ ಸ್ಟೀಲ್ ಥರ್ಮಾಸ್‌ನಲ್ಲಿ ಮಾಡಿದ್ದು ಹೇಳುತ್ತೇನೆ. 24.0 ಡಿಗ್ರಿಯ 250 ಗ್ರಾಂ ನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟೆ. ಆಮೇಲೆ 60.0 ಡಿಗ್ರಿಯ 250 ಗ್ರಾಂ ನೀರು ಸುರಿದೆ. ಪಾತ್ರೆ ಏನೂ ತಿನ್ನದಿದ್ದರೆ ಸರಿಯಾಗಿ ನಡುವಿಗೆ, 42.0ಕ್ಕೆ ಬಂದು ನಿಲ್ಲಬೇಕಿತ್ತು. ನಿಂತದ್ದು 41.2ಕ್ಕೆ. ಬಿಸಿನೀರು ಕಳೆದುಕೊಂಡದ್ದು 19,646 ಜೂಲ್, ತಣ್ಣೀರು ಪಡೆದದ್ದು 17,974 ಜೂಲ್. ನಡುವಿನ 1,672 ಜೂಲ್ ಪಾತ್ರೆಯ ಪಾಲು. ಪಾತ್ರೆ ಏರಿದ್ದು 17.2 ಡಿಗ್ರಿ. ಭಾಗಿಸಿದರೆ ಡಿಗ್ರಿಗೆ 97 ಜೂಲ್. ನಿಮ್ಮ ಥರ್ಮಾಸ್‌ನದು ಸ್ವಲ್ಪ ಆಚೀಚೆ ಇರಬಹುದು, ಒಮ್ಮೆ ಮಾಡಿ ನೋಡಿ. ನೀರನ್ನು ಮಿಲಿಲೀಟರ್‌ನಲ್ಲಿ ಅಳೆಯಬೇಡಿ, ತೂಕ ಮಾಡಿ. ಬಿಸಿನೀರು ಹಿಗ್ಗಿರುತ್ತದೆ, ಅಳತೆಯ ಲೋಟ ಮೋಸ ಮಾಡುತ್ತದೆ.

ಇಲ್ಲಿ ಇನ್ನೊಂದು ವಿಷಯ. ಥರ್ಮಾಮೀಟರ್ ಸರಿ ಇದೆಯಾ ಎಂದು ನೋಡಲು ಕುದಿಯುವ ನೀರಿಗೆ ಹಾಕಿ, "ನೂರು ತೋರಿಸ್ತಿಲ್ಲ, ಹಾಳಾಗಿದೆ" ಎಂದು ಬಿಸಾಡುವವರನ್ನು ನೋಡಿದ್ದೇನೆ. ನಿಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ಅಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಪಾಪ, ಥರ್ಮಾಮೀಟರ್‌ದು ತಪ್ಪಿಲ್ಲ. ಕರಗುತ್ತಿರುವ ಮಂಜುಗಡ್ಡೆಯಲ್ಲಿ ಸೊನ್ನೆ ನೋಡುವುದು ವಾಸಿ.

ಸರಿ, ನಿಮ್ಮ ಥರ್ಮಾಸ್‌ಗೂ 97 ಎಂದೇ ಇಟ್ಟುಕೊಳ್ಳೋಣ. ಅದಕ್ಕೆ ಹೋದದ್ದು 1.7 ಕಿಲೋಜೂಲ್ ಅಷ್ಟೇ. ಕಾಲೇಜಿನಲ್ಲಿ ದಪ್ಪ ಗಾಜಿನ ಬೀಕರ್‌ನಲ್ಲಿ ಮಾಡಿದ್ದರೆ ಈ ಖಾತೆ ಇನ್ನೂ ದೊಡ್ಡದಾಗಿರುತ್ತಿತ್ತು. ಒಂದರೊಳಗೊಂದು ಇಟ್ಟ ಎರಡು ಥರ್ಮಾಕೋಲ್ ಲೋಟದಲ್ಲಿ ಮಾಡಿದ್ದರೆ ಇಲ್ಲವೇ ಇಲ್ಲ ಅನ್ನುವಷ್ಟು ಚಿಕ್ಕದು. ದುಬಾರಿ ಪಾತ್ರೆಯೇ ಒಳ್ಳೆಯದು ಅಂತೇನಿಲ್ಲ.

ಎರಡನೇ ಖಾತೆ ಗಾಳಿಯದು. ಇಲ್ಲಿ ನಿಮ್ಮ ಮೂವತ್ತನೇ ನಿಮಿಷದ ಅಂಕಿ ಕೆಲಸಕ್ಕೆ ಬರುತ್ತದೆ. 15ರಿಂದ 30ನೇ ನಿಮಿಷದೊಳಗೆ 41.5ರಿಂದ 40.0ಕ್ಕೆ ಇಳಿದಿದೆ. ಅಂದರೆ ನಿಮಿಷಕ್ಕೆ 0.1 ಡಿಗ್ರಿ ಸೋರಿಕೆ. ಗರಿಷ್ಠಕ್ಕೆ ಮುಟ್ಟುವ ಮೊದಲೂ ಈ ಸೋರಿಕೆ ನಡೆದೇ ಇತ್ತು, ಆದರೆ ಏರಿಕೆಯ ಭರದಲ್ಲಿ ಕಾಣಲಿಲ್ಲ. ಗ್ರಾಫ್ ಹಾಳೆಯಲ್ಲಿ ಇಳಿಯುವ ಗೆರೆಯನ್ನು ಹಿಂದಕ್ಕೆ ಎಳೆದರೆ, ಸೋರಿಕೆ ಇಲ್ಲದಿದ್ದರೆ ಎಲ್ಲಿಗೆ ಮುಟ್ಟುತ್ತಿತ್ತು ಎಂದು ಸಿಗುತ್ತದೆ.

ಎಲ್ಲಿಯವರೆಗೆ ಎಳೆಯಬೇಕು? ಹೆಚ್ಚಿನ ಲ್ಯಾಬ್ ಪುಸ್ತಕಗಳು ಸುಣ್ಣ ಹಾಕಿದ ಕ್ಷಣದವರೆಗೆ, ಅಂದರೆ ಸೊನ್ನೆ ನಿಮಿಷಕ್ಕೆ ಎಳೆಯಿರಿ ಅನ್ನುತ್ತವೆ. ಆಮ್ಲ ಮತ್ತು ಪ್ರತ್ಯಾಮ್ಲದ ಹಾಗೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಕ್ರಿಯೆಗೆ ಅದು ಸರಿ. ಸುಣ್ಣ ಹಾಗಲ್ಲ, ಅದು ಆರಾಮಾಗಿ ಅರಳುತ್ತದೆ. ಮೊದಲ ನಿಮಿಷಗಳಲ್ಲಿ ನೀರು ಇನ್ನೂ ತಣ್ಣಗೇ ಇತ್ತು, ಆಗ ಸೋರಿದ್ದೂ ಕಡಿಮೆ. ಆದ್ದರಿಂದ ಒಟ್ಟು ಏರಿಕೆಯ ನೂರಕ್ಕೆ 63ರಷ್ಟು ಮುಗಿದ ಹೊತ್ತಿನವರೆಗೆ ಮಾತ್ರ ಹಿಂದೆ ಎಳೆಯುವುದು ಅಳತೆ ಮಾಡುವವರ ರೂಢಿ. ನಿಮ್ಮ 17.5ರಲ್ಲಿ ನೂರಕ್ಕೆ 63 ಅಂದರೆ 11 ಡಿಗ್ರಿ, ಅಂದರೆ ಥರ್ಮಾಮೀಟರ್ 35.0 ತೋರಿಸಿದ ಹೊತ್ತು. ಅದು ಐದನೇ ನಿಮಿಷ. ನೋಡಿದಿರಾ, ಆ ಅಂಕಿ ಯಾಕೆ ಬೇಕಿತ್ತು ಅಂತ? 15ರಿಂದ 5ಕ್ಕೆ ಹತ್ತು ನಿಮಿಷ ಹಿಂದೆ ಹೋದರೆ ಒಂದು ಡಿಗ್ರಿ ಸೇರುತ್ತದೆ. ಸರಿಪಡಿಸಿದ ಗರಿಷ್ಠ 42.5, ಏರಿಕೆ 18.5. ನೀರು, ಪಾತ್ರೆ ಎರಡೂ ಸೇರಿ ಆ ಒಂದು ಡಿಗ್ರಿಯ ಬೆಲೆ 2.2 ಕಿಲೋಜೂಲ್.

ಮುಂದಿನ ಸಲ ಸುಣ್ಣ ಹಾಕುವ ಮೊದಲೇ ಐದು ನಿಮಿಷ ಬರೀ ನೀರಿನ ತಾಪಮಾನ ಬರೆದುಕೊಳ್ಳಿ. ಆಮೇಲೂ ನಿಮಿಷಕ್ಕೊಂದು ಸಲ ಬರೆಯಿರಿ. ತಮ್ಮನನ್ನು ಗಡಿಯಾರ ಹಿಡಿದು ಕೂರಿಸಿ, ಅವನಿಗೂ ಕೆಲಸ ಸಿಗುತ್ತದೆ. ಸುಣ್ಣವನ್ನೂ ನೀರನ್ನೂ ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇಟ್ಟು ಒಂದೇ ತಾಪಮಾನಕ್ಕೆ ತನ್ನಿ. ಇದು ನಾನು ಮಾಡಿಕೊಂಡ ಎಡವಟ್ಟಿನಿಂದ ಕಲಿತ ಪಾಠ. ನಾನು ವಿದ್ಯಾರ್ಥಿಯಾಗಿದ್ದಾಗ ತಟಸ್ಥೀಕರಣದ ಶಾಖ ಅಳೆಯುವ ಪ್ರಯೋಗವಿತ್ತು. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿದರೆ ಮೋಲ್‌ಗೆ ಸುಮಾರು 57 ಬರಬೇಕು. ನನಗೆ 69 ಬಂತು! ಶಾಖ ಸೋರಿದರೆ ಕಡಿಮೆ ಬರಬೇಕಲ್ಲ, ಜಾಸ್ತಿ ಹೇಗೆ? ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಪ್ರತ್ಯಾಮ್ಲದ ಬಾಟಲಿ ಕಿಟಕಿಯ ಬಿಸಿಲಿನಲ್ಲಿತ್ತು, ಮೂರು ಡಿಗ್ರಿ ಬೆಚ್ಚಗಿತ್ತು. ನಾನು ಆಮ್ಲದ ತಾಪಮಾನ ಮಾತ್ರ ನೋಡಿ ಎರಡೂ ಅಷ್ಟೇ ಎಂದುಕೊಂಡಿದ್ದೆ. ಸೂರ್ಯನ ಶಾಖವನ್ನೂ ಆಮ್ಲದ ಖಾತೆಗೆ ಜಮಾ ಮಾಡಿದ್ದೆ.

ಈಗ ಒಟ್ಟು ಕೂಡಿಸಿ. ನೀರಿಗೆ 36.6, ಪಾತ್ರೆಗೆ 1.7, ಗಾಳಿಗೆ 2.2. ಒಟ್ಟು 40.5 ಕಿಲೋಜೂಲ್. ಮೋಲ್‌ಗೆ ಲೆಕ್ಕ ಹಾಕಿದರೆ 45 ದಾಟುತ್ತದೆ. 58.1ಕ್ಕೆ ಇನ್ನೂ 17.6 ಕಡಿಮೆ. ಬಳಕೆಯಾದ ನೀರು, ಹೊಸದಾಗಿ ಹುಟ್ಟಿದ ಅರಳಿದ ಸುಣ್ಣದ ಪಾಲು ಇವನ್ನೆಲ್ಲ ಸೇರಿಸಿದರೂ ನೂರಕ್ಕೆ ಒಂದರಷ್ಟು ಬದಲಾದೀತು, ಹೆಚ್ಚಿಲ್ಲ. ಅಂದರೆ "ಶಾಖ ಸೋರಿತು" ಎನ್ನುವ ಮಾಮೂಲಿ ಉತ್ತರ ನಿಮ್ಮ ಕೊರತೆಯಲ್ಲಿ ಐದನೇ ಒಂದು ಪಾಲಿಗೂ ಸಾಲದು.

ದೊಡ್ಡ ಪಾಲು ಎಲ್ಲಿ ಹೋಯಿತು? ಅದು ಎಲ್ಲಿಗೂ ಹೋಗಿಲ್ಲ. ಥರ್ಮಾಸ್‌ನಲ್ಲಿ ಅದು ಹುಟ್ಟಲೇ ಇಲ್ಲ. ನಿಮ್ಮ ಪತ್ರದಲ್ಲಿ ಒಂದು ಸಾಲು ಇದೆ: ಹೋದ ವರ್ಷದ ಸುಣ್ಣ, ಅಟ್ಟ, ಪ್ಲಾಸ್ಟಿಕ್ ಚೀಲ. ಮಲೆನಾಡಿನ ಒಂದು ಪೂರ್ತಿ ಮಳೆಗಾಲವನ್ನು ಆ ಸುಣ್ಣ ಅಟ್ಟದ ಮೇಲೆ ಕಳೆದಿದೆ. ನಮ್ಮಲ್ಲಿ ಆಷಾಢದಲ್ಲಿ ಉಪ್ಪಿನ ಭರಣಿ ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಚಪ್ಪಲಿ ಮೇಲೆ ಬೂಷ್ಟು ಬರುತ್ತದೆ. ಸುಟ್ಟ ಸುಣ್ಣ ನೀರಿಗಾಗಿ ಬಾಯಿಬಿಟ್ಟುಕೊಂಡೇ ಇರುವ ವಸ್ತು. ಅದು ಸುಮ್ಮನಿದ್ದೀತಾ? ಗಾಳಿಯ ತೇವ ಹೀರಿ ಸ್ವಲ್ಪ ಸ್ವಲ್ಪವಾಗಿ ಅಲ್ಲೇ ಅರಳಿದೆ. ನೀವು ಅಳೆಯಲು ಹೊರಟ ಶಾಖದ ಒಂದು ಪಾಲನ್ನು ಯಾರಿಗೂ ಹೇಳದೆ ಅಟ್ಟದಲ್ಲೇ ಬಿಟ್ಟುಕೊಟ್ಟಿದೆ. ಅಷ್ಟೇ ಅಲ್ಲ, ಅರಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಇನ್ನು ಭಟ್ಟಿಯಲ್ಲಿ ಸರಿಯಾಗಿ ಬೇಯದೆ ಉಳಿದ ಕಲ್ಲಿನ ತಿರುಳು ಬೇರೆ. ಸುಣ್ಣ ಅರಳಿಸಿ ಗೋಣಿಯಲ್ಲಿ ಸೋಸಿದಾಗ ಕೊನೆಗೆ ಚರಳು ಉಳಿಯುತ್ತದಲ್ಲ, ಅದು.

ಹಾಗಾಗಿ 40.5ನ್ನು 58.1ರಿಂದ ಭಾಗಿಸಿ. ಸುಮಾರು 0.70. ನಿಮ್ಮ ಚೀಲದಲ್ಲಿದ್ದದ್ದು ನೂರಕ್ಕೆ 70ರಷ್ಟು ಸುಟ್ಟ ಸುಣ್ಣ, ಉಳಿದ 30 ಬೇರೆ ಏನೋ. ಒಂದು ಮೋಲ್‌ನ ಶಾಖ ಅಳೆಯಲು ಹೊರಟ ನೀವು ಸುಣ್ಣದ ಗುಣಮಟ್ಟ ಅಳೆದಿದ್ದೀರಿ. ಇದು ನಾನು ನಿಮ್ಮನ್ನು ಸಮಾಧಾನ ಮಾಡಲು ಹೇಳುವ ಮಾತಲ್ಲ. ಯುರೋಪಿನಲ್ಲಿ ಸುಣ್ಣದ ಕಾರ್ಖಾನೆಗಳು ಮಾಲನ್ನು ಪರೀಕ್ಷೆ ಮಾಡುವುದೇ ಹೀಗೆ. ಶಾಖ ಸೋರದ ಪಾತ್ರೆಯಲ್ಲಿ 20 ಡಿಗ್ರಿಯ 600 ಗ್ರಾಂ ನೀರು, ಅದಕ್ಕೆ 150 ಗ್ರಾಂ ಸುಣ್ಣ. 60 ಡಿಗ್ರಿ ಮುಟ್ಟಲು ಎಷ್ಟು ಹೊತ್ತು ಬೇಕಾಯಿತು ಎಂದು ನೋಡುತ್ತಾರೆ. ಒಳ್ಳೆಯ ಸುಣ್ಣ ಬೇಗ ಮುಟ್ಟುತ್ತದೆ, ಅತಿಯಾಗಿ ಸುಟ್ಟದ್ದು ತಡವಾಗಿ, ಹಳಸಿದ್ದು ಮುಟ್ಟದೆಯೂ ಇರಬಹುದು. ನೀವು ಮಾತ್ರ ಆ 150 ಗ್ರಾಂ ಪ್ರಯೋಗಕ್ಕೆ ಮನೆಯಲ್ಲಿ ಕೈ ಹಾಕಬೇಡಿ.

ಯಾಕೆ ಎಂದು ಹೇಳಿಯೇ ಮುಂದೆ ಹೋಗುತ್ತೇನೆ. ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣ ಅರಳಿದರೆ ಸುಮಾರು 1,160 ಕಿಲೋಜೂಲ್ ಬರುತ್ತದೆ. 25 ಡಿಗ್ರಿಯ ಮೂರೂವರೆ ಲೀಟರ್ ನೀರನ್ನು ಕುದಿಸಲು ಅದು ಸಾಕು. ಕಟ್ಟಿಗೆ ಇಲ್ಲ, ಗ್ಯಾಸ್ ಇಲ್ಲ. ನೀರು ಕಡಿಮೆ ಹಾಕಿದರೆ ಕುದಿದು ಸಿಡಿಯುತ್ತದೆ. ಆ ಸಿಡಿತ ಬರೀ ಬಿಸಿನೀರಲ್ಲ, ಸುಡುವ ಕ್ಷಾರ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ನೀವು ಹತ್ತು ಪಾಲು ನೀರಿಗೆ ಒಂದು ಪಾಲು ಸುಣ್ಣ ಹಾಕಿದ್ದು ಒಳ್ಳೆಯದಾಯಿತು. ಆ ಅಳತೆಯಲ್ಲಿ ಸುಣ್ಣ ಎಷ್ಟೇ ಚೊಕ್ಕವಾಗಿದ್ದರೂ 28 ಡಿಗ್ರಿಗಿಂತ ಜಾಸ್ತಿ ಏರುವುದಿಲ್ಲ. ಸುಣ್ಣವನ್ನೇ ನೀರಿಗೆ ಹಾಕಿ, ಸುಣ್ಣದ ಮೇಲೆ ನೀರು ಸುರಿಯಬೇಡಿ. ಕನ್ನಡಕ ಹಾಕಿಕೊಳ್ಳಿ. ಥರ್ಮಾಸ್‌ನ ಮುಚ್ಚಳ ಸುಮ್ಮನೆ ಮೇಲಿಡಿ, ತಿರುಗಿಸಿ ಬಿಗಿ ಮಾಡಬೇಡಿ. ಒತ್ತಡ ಸೇರಬಾರದು ಎಂಬುದು ಒಂದು ಕಾರಣ. ಇನ್ನೊಂದು, ಹೊರಗಿನ ಗಾಳಿಯ ಒತ್ತಡದಲ್ಲೇ ಕ್ರಿಯೆ ನಡೆದರೆ ಅಳೆದ ಶಾಖ ಪುಸ್ತಕದ ಎಂಥಾಲ್ಪಿಗೆ, ಅಂದರೆ ಒತ್ತಡ ಬದಲಾಗದೆ ನಡೆದ ಕ್ರಿಯೆಯ ಶಾಖದ ಲೆಕ್ಕಕ್ಕೆ, ನೇರ ಸಮ. ಆಮೇಲೆ ಆ ಥರ್ಮಾಸ್‌ನಲ್ಲಿ ಕಾಫಿ ಹಾಕಬೇಡಿ, ಅದು ಇನ್ನು ಲ್ಯಾಬಿನದೇ.

ನೂರಕ್ಕೆ 70 ಎಂಬ ನನ್ನ ಮಾತನ್ನು ಸುಮ್ನೆ ನಂಬಬೇಡಿ. ಪರೀಕ್ಷೆ ಮಾಡಲು ದಾರಿ ಇದೆ. ಕಾಲೇಜಿನಲ್ಲಿ ಮಫಲ್ ಕುಲುಮೆ (ತುಂಬಾ ಬಿಸಿಗೆ ಕಾಯಿಸುವ ಮುಚ್ಚಿದ ಒಲೆ) ಇದ್ದರೆ ಅದೇ ಚೀಲದ 10 ಗ್ರಾಂ ಸುಣ್ಣವನ್ನು ಪಿಂಗಾಣಿ ಮೂಸೆಯಲ್ಲಿ ಹಾಕಿ 900 ಡಿಗ್ರಿಯಲ್ಲಿ ಒಂದೆರಡು ಗಂಟೆ ಸುಡಿ. ತೇವ ತಾಗದಂತೆ ಮುಚ್ಚಿಡುವ ಡೆಸಿಕೇಟರ್‌ನಲ್ಲಿ ಆರಿಸಿ ತೂಗಿ. ತೂಕ ಇಳಿಯುವುದು ನಿಲ್ಲುವ ತನಕ ಇನ್ನೊಮ್ಮೆ ಸುಟ್ಟು ತೂಗಿ. ಆ 30 ಪಾಲು ಪೂರ್ತಿ ಅರಳಿದ ಸುಣ್ಣವಾಗಿದ್ದರೆ ನೀರು ಹೋಗಿ ನೂರು ಗ್ರಾಂಗೆ ಸುಮಾರು 7 ಗ್ರಾಂ ಇಳಿಯುತ್ತದೆ. ಪೂರ್ತಿ ಸುಣ್ಣದ ಕಲ್ಲಾಗಿದ್ದರೆ ಇಂಗಾಲದ ಡೈಆಕ್ಸೈಡ್ ಹೋಗಿ 13 ಗ್ರಾಂ ಇಳಿಯುತ್ತದೆ. ಎರಡೂ ಬೆರೆತಿರುತ್ತವೆ, ಹಾಗಾಗಿ ಇವುಗಳ ನಡುವೆ ಎಲ್ಲೋ ಬರಬೇಕು. ಏಳಕ್ಕಿಂತ ಕಡಿಮೆ ಬಂದರೆ ಮಣ್ಣು, ಮರಳು ಸೇರಿದೆ ಎಂದರ್ಥ, ಇಲ್ಲವೇ ನನ್ನ ಲೆಕ್ಕ ಎಲ್ಲೋ ಎಡವಿದೆ. ಹೀಗೆ ಸುಟ್ಟು ತೆಗೆದ ಹೊಸ ಸುಣ್ಣದಲ್ಲೇ ಪ್ರಯೋಗ ಮತ್ತೆ ಮಾಡಿ. 60 ದಾಟಿದರೆ ನಾವಿಬ್ಬರೂ ಗೆದ್ದಂತೆ.

ಕುಲುಮೆ ಸಿಗದಿದ್ದರೆ ಇನ್ನೊಂದು ದಾರಿ ಇದೆ. ನನಗೆ ಅದೇ ಹೆಚ್ಚು ಇಷ್ಟ. ಅದಕ್ಕೆ ಹೆಸ್ ನಿಯಮ ಗೊತ್ತಿರಬೇಕು. ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೀರಿ: ಹೊರಟ ಜಾಗ, ತಲುಪಿದ ಜಾಗ ಎರಡೂ ಒಂದೇ ಆಗಿದ್ದರೆ ಯಾವ ದಾರಿಯಲ್ಲಿ ಹೋದರೂ ಒಟ್ಟು ಶಾಖ ಒಂದೇ. 1840ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಜರ್ಮೇನ್ ಹೆಸ್ ಇದನ್ನು ಹೇಳಿದ್ದು. ಶಿವಮೊಗ್ಗದಿಂದ ಆಗುಂಬೆಗೆ ನೀವು ತೀರ್ಥಹಳ್ಳಿ ಮೇಲೆ ಹೋಗಿ, ಶೃಂಗೇರಿ ಸುತ್ತಿಕೊಂಡು ಹೋಗಿ, ಎಷ್ಟು ಎತ್ತರ ಏರಿದಿರಿ ಎನ್ನುವುದು ಬದಲಾಗುವುದಿಲ್ಲ. ಬಸ್ ಚಾರ್ಜು ಬದಲಾಗುತ್ತದೆ, ಅದು ಬೇರೆ ಮಾತು.

ಸುಣ್ಣದ ಜೀವನವೇ ಈ ನಿಯಮಕ್ಕೆ ಒಂದು ಸೊಗಸಾದ ಉದಾಹರಣೆ. ಪಠ್ಯಪುಸ್ತಕಗಳು ಯಾಕೋ ಇದನ್ನು ಬಿಟ್ಟು ಇದ್ದಿಲು, ಇಂಗಾಲದ ಮಾನಾಕ್ಸೈಡ್ ಹಿಡಿದುಕೊಂಡು ಕೂತಿವೆ. ಭಟ್ಟಿಯಲ್ಲಿ ಸುಣ್ಣದ ಕಲ್ಲು ಸುಟ್ಟು ಇಂಗಾಲದ ಡೈಆಕ್ಸೈಡ್ ಓಡಿಸಲು ಮೋಲ್‌ಗೆ 178 ಕಿಲೋಜೂಲ್ ಶಾಖ ಕೊಡಬೇಕು. ಅಷ್ಟು ಕಟ್ಟಿಗೆಯೋ ಕಲ್ಲಿದ್ದಲೋ ಉರಿಯಬೇಕು. ಆ ಶಾಖವನ್ನು ಸುಟ್ಟ ಸುಣ್ಣ ಸಾಲದ ಹಾಗೆ ಹೊತ್ತುಕೊಂಡಿರುತ್ತದೆ. ನೀವು ನೀರು ತೋರಿಸಿದ ಕೂಡಲೇ ಅದರಲ್ಲಿ 65ನ್ನು ಗಲಾಟೆ ಮಾಡಿಕೊಂಡು ಹಿಂದಿರುಗಿಸುತ್ತದೆ. ನಿಮ್ಮ ಡ್ರಮ್ಮು ಕಾಯುವುದು ಅದಕ್ಕೇ. ಉಳಿದ 113 ಎಲ್ಲಿ? ಅರಳಿದ ಸುಣ್ಣವನ್ನು ಗೋಡೆಗೆ ಬಳಿಯುತ್ತೀರಿ. ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದು ಗಟ್ಟಿಯಾಗುತ್ತ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಆಗ 113 ಕಿಲೋಜೂಲ್ ಹೊರಗೆ ಬರುತ್ತದೆ. ಎಷ್ಟು ನಿಧಾನ ಅಂದರೆ ಗೋಡೆಗೆ ಕೈ ಇಟ್ಟರೂ ಗೊತ್ತಾಗುವುದಿಲ್ಲ. 65 ಮತ್ತು 113 ಕೂಡಿಸಿ. 178. ಭಟ್ಟಿಯಲ್ಲಿ ಪಡೆದದ್ದನ್ನು ಪೈಸೆ ಬಿಡದೆ ತೀರಿಸಿತು. ದೀಪಾವಳಿಗೆ ಮುಂಚೆ ಸುಣ್ಣ ಬಳಿದ ಗೋಡೆ ಚಳಿಗಾಲದುದ್ದಕ್ಕೂ ಕಾಣದ ಹಾಗೆ ಸಾಲ ತೀರಿಸುತ್ತ ನಿಂತಿರುತ್ತದೆ. ನಾನಂತೂ ಹಳೆಯ ಮನೆಗಳ ಸುಣ್ಣದ ಗೋಡೆ ನೋಡಿದಾಗಲೆಲ್ಲ ಇದನ್ನೇ ನೆನೆಸಿಕೊಳ್ಳುತ್ತೇನೆ. ಮನೆಯವರು ನಗುತ್ತಾರೆ.

ಇದನ್ನೇ ಲ್ಯಾಬಿನಲ್ಲಿ ಬಳಸುವುದು ಹೀಗೆ. ಸುಣ್ಣ ಅರಳುವುದು ನಿಧಾನ, ಅದಕ್ಕೇ ಸೋರಿಕೆಯ ತಾಪತ್ರಯ. ಆಮ್ಲದಲ್ಲಾದರೆ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. 1 ಮೋಲಾರ್ (ಲೀಟರ್‌ಗೆ ಒಂದು ಮೋಲ್ ಇರುವ) ಹೈಡ್ರೋಕ್ಲೋರಿಕ್ ಆಮ್ಲ 100 ಮಿಲಿಲೀಟರ್ ತೆಗೆದುಕೊಳ್ಳಿ. ಒಂದು ಸಲ ಅದಕ್ಕೆ ಭಟ್ಟಿಯಿಂದ ಹೊಸದಾಗಿ ತಂದ ಸುಟ್ಟ ಸುಣ್ಣ 2 ಗ್ರಾಂ ಹಾಕಿ, 16 ಡಿಗ್ರಿಯ ಸುಮಾರಿಗೆ ಏರಬೇಕು. ಇನ್ನೊಂದು ಸಲ ಬೇರೆ ಆಮ್ಲಕ್ಕೆ ಚೊಕ್ಕ ಅರಳಿದ ಸುಣ್ಣ 2.64 ಗ್ರಾಂ ಹಾಕಿ, 11ರ ಹತ್ತಿರ ಏರಬೇಕು. ಎರಡರಲ್ಲೂ ಇರುವ ಮೋಲ್ ಒಂದೇ, ಕೊನೆಗೆ ಸಿಗುವುದೂ ಒಂದೇ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ. ಮೋಲ್‌ಗೆ ಲೆಕ್ಕ ಹಾಕಿದರೆ ಮೊದಲನೆಯದು 193 ಕಿಲೋಜೂಲ್, ಎರಡನೆಯದು 128. ಒಂದರಲ್ಲಿ ಒಂದು ಕಳೆಯಿರಿ, ನಿಮ್ಮ 65 ಸಿಕ್ಕಿತು. ಸುಣ್ಣಕ್ಕೂ ಬರೀ ನೀರಿಗೂ ಭೇಟಿಯೇ ಮಾಡಿಸದೆ ಅವುಗಳ ನಡುವಿನ ವ್ಯವಹಾರ ತಿಳಿದುಕೊಂಡಿರಿ. ನಿಮ್ಮ ಅಟ್ಟದ ಸುಣ್ಣವನ್ನೂ ಇದೇ ಆಮ್ಲಕ್ಕೆ ಒಂದು ಚಿಟಿಕೆ ಹಾಕಿ ನೋಡಿ. ಚುರುಚುರು ಎಂದು ನೊರೆ ಬಂದರೆ ಕಲ್ಲಾದ ಪಾಲು ಇದೆ ಎಂದರ್ಥ. ಆ ಪಾಲು ನೊರೆ ಕೊಡುತ್ತದೆ, ಶಾಖ ಮಾತ್ರ ಮೋಲ್‌ಗೆ ಬರೀ 15.

ಇನ್ನು ಮೈನಸ್ ಚಿಹ್ನೆ. ನೀವು ನೋಡಿದ್ದು ನೀರಿನ ಖಾತೆ, ಅದಕ್ಕೆ ಜಮಾ ಆಗಿದೆ. ಪುಸ್ತಕ ಬರೆಯುವುದು ಸುಣ್ಣದ ಖಾತೆ, ಅಲ್ಲಿಂದ ಖರ್ಚಾಗಿದೆ. ಒಂದೇ ಹಣ, ಎರಡು ಪುಸ್ತಕ. ಕ್ರಿಯೆಯ ಕಡೆಯಿಂದ ಹೊರಗೆ ಹೋದರೆ ಮೈನಸ್, ಅದನ್ನೇ ಬಹಿರುಷ್ಣಕ ಎನ್ನುವುದು. ಇದರ ಉಲ್ಟಾ ನೋಡಬೇಕಾದರೆ ಗದ್ದೆಗೆ ತಂದ ಯೂರಿಯಾ ಇದೆಯಲ್ಲ, 100 ಗ್ರಾಂ ತೆಗೆದು ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಐದಾರು ಡಿಗ್ರಿ ತಣ್ಣಗಾಗುತ್ತದೆ. ಅಲ್ಲಿ ನೀರು ಕೊಟ್ಟಿದೆ, ಯೂರಿಯಾ ಪಡೆದಿದೆ, ಚಿಹ್ನೆ ಪ್ಲಸ್.

ತಮ್ಮನ ಪ್ರಶ್ನೆ ಚಿಕ್ಕದು, ಆದರೆ ಜಾಣತನದ್ದು. ಅವನು ಅರ್ಧ ಸುಣ್ಣ ಹಾಕಿದ, ಅರ್ಧ ಶಾಖ ಬಂತು. ಆದರೆ ಕಾಯಿಸಬೇಕಾದ ನೀರೂ ಅರ್ಧವೇ. ಹಾಗಾಗಿ ಡಿಗ್ರಿ ಅಷ್ಟೇ. ಬಚ್ಚಲ ಹಂಡೆಯ ನೀರೂ, ಅದರಿಂದ ಮೊಗೆದ ಚೊಂಬಿನ ನೀರೂ ಒಂದೇ ತಾಪಮಾನದಲ್ಲಿರುತ್ತವೆ. ಹಂಡೆ ಕಾಯಲು ಎಷ್ಟು ಕಟ್ಟಿಗೆ ಬೇಕು, ಚೊಂಬು ಕಾಯಲು ಎಷ್ಟು ಬೇಕು ಎಂದು ಅವನನ್ನೇ ಕೇಳಿ. ಪಾತ್ರೆ ತಿನ್ನುವ ಪಾಲು ಮಾತ್ರ ಅರ್ಧವಾಗುವುದಿಲ್ಲ, ಅದಕ್ಕೇ ಅವನದು ತುಸು ಕಡಿಮೆ ಏರಿರುತ್ತದೆ. ನೀವು "ಹೆಚ್ಚುಕಡಿಮೆ ಅಷ್ಟೇ" ಎಂದು ಬರೆದದ್ದು ಅದಕ್ಕೇ ಇರಬೇಕು.

ಕೊನೆಗೆ ಅಪ್ಪನ ಪ್ರಶ್ನೆ. ಆಗುತ್ತದೆ. ನಿಮ್ಮ ಕೊಳೆ ಔಷಧಿ, ಅಂದರೆ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಹಾಕುತ್ತೇವೆ. ಒಂದು ಕಿಲೋ ಮೈಲುತುತ್ತ ಅಂದರೆ 4 ಮೋಲ್. ಲೆಕ್ಕದ ಪ್ರಕಾರ ಅದಕ್ಕೆ ಬೇಕಾದ ಚೊಕ್ಕ ಸುಟ್ಟ ಸುಣ್ಣ ಸುಮಾರು 225 ಗ್ರಾಂ ಮಾತ್ರ. ನಿಮ್ಮ ಹಳೆಯ ಸುಣ್ಣದ ಒಂದು ಕಿಲೋದಲ್ಲಿ 700 ಗ್ರಾಂ ಇದ್ದೇ ಇದೆ, ತೇವ ಹಿಡಿದು ಅರಳಿದ ಪಾಲು ಕೂಡ ಈ ಕೆಲಸಕ್ಕೆ ಬರುತ್ತದೆ. ಕಲ್ಲಾದದ್ದು ಮಾತ್ರ ದಂಡ. ನೂರು ವರ್ಷಕ್ಕೂ ಹಿಂದೆ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಈ ದ್ರಾವಣ ಹೊಡೆಯುವುದನ್ನು ನಮ್ಮ ತೋಟಗಳಲ್ಲಿ ರೂಢಿಗೆ ತಂದರು. ಸುಣ್ಣವನ್ನು ಇಷ್ಟು ಧಾರಾಳವಾಗಿ ಹಾಕುವ ಲೆಕ್ಕ ಇರುವುದರಿಂದಲೇ ಸುಣ್ಣ ಸ್ವಲ್ಪ ಹಳಸಿದರೂ ನಮ್ಮ ಅಡಿಕೆ ಬಚಾವಾಗುತ್ತದೆ. ಆದರೂ ಬೆರೆಸಿದ ಮೇಲೆ ಉಜ್ಜಿ ಹೊಳೆಯುವಂತೆ ಮಾಡಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ನೋಡುವುದನ್ನು ಬಿಡಬೇಡಿ. ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ತಿಳಿಸುಣ್ಣ ಹಾಕಬೇಕು.

ಇನ್ನೊಂದು ಮಾತು ಅಪ್ಪನಿಗೆ ಹೇಳಿ. ಸುಣ್ಣ ಅರಳಿಸಿದ ಡ್ರಮ್ಮು ಬಿಸಿ ಇರುವಾಗಲೇ ಮೈಲುತುತ್ತದ ನೀರು ಸುರಿಯಬಾರದು. ಆ ಬಿಸಿಗೆ ತಾಮ್ರದ ಹೈಡ್ರಾಕ್ಸೈಡ್ ಕೆಟ್ಟು ಕಪ್ಪು ಆಕ್ಸೈಡ್ ಆಗುತ್ತದೆ, ತಿಳಿನೀಲಿ ಬಣ್ಣ ಹೋಗಿ ದ್ರಾವಣ ತಳಕ್ಕೆ ಕೂರುತ್ತದೆ, ಅಡಿಕೆ ಗೊನೆಗೆ ಅಂಟುವುದಿಲ್ಲ. ಮಳೆ ಬಿಟ್ಟಿದೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಬಂದು ಕಾಯ್ತಾ ಇದ್ದಾರೆ ಎಂದು ಅವಸರ ಮಾಡುವುದು ಸಹಜ. ಡ್ರಮ್ಮು ತಣ್ಣಗಾಗುವ ತನಕ ಅವರಿಗೆ ಇನ್ನೊಂದು ಲೋಟ ಕಾಫಿ ಕೊಡಿ. ಆ ಥರ್ಮಾಸ್‌ನಿಂದ ಮಾತ್ರ ಬೇಡ.